ಪದಚರ್ಚೆ: ‘ವೇಗದ ಕಂಪ್ಯೂಟರ್’ ಎಂದರೆ ಯಾವ ವೇಗ?

ಪ್ರಶ್ನೆ, ಮಾಲೂರಿನಿಂದ:

ಬಳಗದವರಿಗೆ ನಮಸ್ಕಾರ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಟೂಲ್ ರೂಮ್‌ಗಳಿಗೆ ಸೇರುವ ಡಿಪ್ಲೊಮಾ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಸಾಲಿಡ್‌ವರ್ಕ್ಸ್ (ಡಿಸೈನ್‌ಗೆ), ಆನ್ಸಿಸ್‌ನಂಥ (ಬಲ, ಹರಿವಿನ ಲೆಕ್ಕಕ್ಕೆ) ತಂತ್ರಾಂಶಗಳಿಗೆ ವರ್ಕ್‌ಸ್ಟೇಷನ್ ಆರಿಸುವ ಅಧ್ಯಾಯದ ಕರಡಿನ ತುಂಬ ‘ವೇಗ’ ಒಂದೇ ಪದ: ವೇಗದ ಪ್ರೊಸೆಸರ್, ವೇಗದ ಮೆಮೊರಿ, ವೇಗದ ಡಿಸ್ಕ್. ಕ್ಲಾಕ್, ಬ್ಯಾಂಡ್‌ವಿಡ್ತ್, ಕೋರ್ ಇವಕ್ಕೆ ಬೇರೆ ಬೇರೆ ಪದ ಬಳಸಬೇಕೆ? ಕೋರ್‌ಗೆ ‘ತಿರುಳು’, ಮೆಮೊರಿಗೆ ‘ಸ್ಮೃತಿ’ ಎಂದು ಒಬ್ಬರು ಸೂಚಿಸಿದ್ದಾರೆ, ಸರಿಯೆ? ನೋಡ್, ಡಿಒಎಫ್, ಇಸಿಸಿ ಇವನ್ನು ಹೇಗೆ ಹೇಳುವುದು?

ಉತ್ತರ, ಕೋಲಾರದಿಂದ:

ಬೇರೆ ಪದ ಬೇಕೇ ಬೇಕು. ಅಂಗಡಿಯವರಿಗೆ ‘ವೇಗದ ಸಿಸ್ಟಂ’ ಎಂದು ಬರೆದುಕೊಟ್ಟರೆ ಅವರ ಹತ್ತಿರ ಇರುವುದೇ ಬರುತ್ತದೆ, ಅದು ತಪ್ಪು ಎಂದು ವಾದಿಸಲು ನಿಮ್ಮ ಕಾಗದದಲ್ಲಿ ಆಧಾರ ಇರುವುದಿಲ್ಲ.

ಡಿಸೈನ್ ಕೆಲಸದಿಂದ ಶುರು ಮಾಡೋಣ. ಸಾಲಿಡ್‌ವರ್ಕ್ಸ್, ಕ್ರಿಯೊ ಮುಂತಾದವುಗಳಲ್ಲಿ ಒಂದು ಅಳತೆ ಬದಲಿಸಿದರೆ ಮಾಡೆಲ್ ಆ ಅಳತೆಯ ಫೀಚರಿನಿಂದ (ಆಕಾರ ಕಟ್ಟುವ ಒಂದೊಂದು ಹಂತವೂ ಒಂದು ಫೀಚರ್) ಮುಂದಕ್ಕೆ ಮತ್ತೆ ಕಟ್ಟಿಕೊಳ್ಳುತ್ತದೆ. ತೂತು ಕೊರೆಯಬೇಕಾದರೆ ಮುಖ ಇರಬೇಕು, ಮುಖ ಇರಬೇಕಾದರೆ ಅದರ ಹಿಂದಿನ ಫೀಚರ್ ಮುಗಿದಿರಬೇಕು. ಸರದಿಯ ಕೆಲಸವಾದ್ದರಿಂದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ದುಡಿಯುತ್ತದೆ. ಇಲ್ಲಿ ವೇಗ ಎಂದರೆ ಕ್ಲಾಕ್, ಅದೂ ಒಂದು ಕೋರ್ ಮುಟ್ಟಬಲ್ಲ ಗರಿಷ್ಠ ಗಿಗಾಹರ್ಟ್ಸ್. ಬಿಲ್ಲಿನಲ್ಲಿ ಬರುವುದೂ ‘ಕ್ಲಾಕ್’ ಎಂದೇ, ಅನುವಾದ ಬೇಡ. ಪ್ರೊಸೆಸರ್ ಯಾವ ತಲೆಮಾರಿನದು ಎಂಬುದನ್ನೂ ಜೊತೆಗೇ ಬರೆಯಿಸಿ, ಹಳೆಯದರ 5 ಗಿಗಾಹರ್ಟ್ಸ್ ಹೊಸದರ 5ಕ್ಕೆ ಸಮವಲ್ಲ.

ಫ್ಲೂಯೆಂಟ್‌ನಂಥ ತಂತ್ರಾಂಶದಲ್ಲಿ ಮಾಡುವ ಗಾಳಿ, ನೀರಿನ ಹರಿವಿನ ಲೆಕ್ಕಗಳಿಗೆ ಬಂದರೆ ವೇಗದ ಅರ್ಥವೇ ಬದಲಾಗುತ್ತದೆ. ಅಲ್ಲಿ ಕೋರ್‌ಗಳು ಗುಣಿಸಿ ಕೂಡಿಸುವುದಕ್ಕಿಂತ ಅಂಕಿಗಳು ರ‍್ಯಾಮಿನಿಂದ ಬರಲಿ ಎಂದು ಕಾಯುವುದೇ ಹೆಚ್ಚು. ಕೋಲಾರದವರಿಗೆ ಇದನ್ನು ಕೆರೆಯ ಮೂಲಕ ಹೇಳಬಹುದು: ರ‍್ಯಾಮ್ ಎಷ್ಟು ಜಿಬಿ ಎಂಬುದು ಕೆರೆಯ ಅಳತೆ, ಮೆಮೊರಿ ಚಾನೆಲ್ ಎಂಬುದು ತೂಬು. ಡಿಡಿಆರ್5-4800 ರ‍್ಯಾಮಿನಲ್ಲಿ ಒಂದು ಚಾನೆಲ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 38.4 ಜಿಬಿ ಹರಿಯುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಎರಡು ಚಾನೆಲ್, ಒಟ್ಟು 76.8. ಥ್ರೆಡ್‌ರಿಪ್ಪರ್ ಪ್ರೊ, ಕ್ಸಿಯಾನ್ ಡಬ್ಲ್ಯು-3400 ಸರಣಿಗಳಿಗೆ ಎಂಟು, ಅಂದರೆ ಅದೇ ರ‍್ಯಾಮಿನಲ್ಲಿ 307.2. ಎರಡೇ ಚಾನೆಲ್ ಇರುವ ಕಡೆ 16 ಕೋರ್ ಕೂರಿಸಿ 128 ಜಿಬಿ ತುಂಬಿಸಿದರೂ ಅರ್ಧದಷ್ಟು ಕೋರ್ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಬ್ಯಾಂಡ್‌ವಿಡ್ತ್‌ಗೆ, ಅಂದರೆ ಸೆಕೆಂಡಿಗೆ ಇಷ್ಟು ಜಿಬಿ ಎಂಬ ಈ ಲೆಕ್ಕಕ್ಕೆ, ‘ಹರಿವು’ ಸಾಕು ಅನ್ನಿಸುತ್ತದೆ. ‘ಪಟ್ಟಿಯಗಲ’ ಎಂಬ ಅನುವಾದ ರೇಡಿಯೊ ತರಂಗಕ್ಕಾದರೆ ಸರಿ, ಇಲ್ಲಿ ಏನನ್ನೂ ಹೇಳುವುದಿಲ್ಲ.

ಕಡ್ಡಿಗಳ ವಿಷಯವನ್ನೂ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ‘64 ಜಿಬಿ ರ‍್ಯಾಮ್’ ಎಂದಷ್ಟೇ ಕೇಳಿದರೆ ಒಂದೇ 64ರ ಕಡ್ಡಿ ಹಾಕಿ ಕಳಿಸಬಹುದು, ಆಗ ಒಂದು ಚಾನೆಲ್ ಖಾಲಿ, ಹರಿವು ಅರ್ಧ. ‘32ರ ಎರಡು ಕಡ್ಡಿ’ ಎಂದು ಬರೆಯಿರಿ. ಹಾಗೆಂದು 16ರ ನಾಲ್ಕು ಹಾಕಿಸುವುದೂ ಒಳ್ಳೆಯದಲ್ಲ: ಎರಡು ಚಾನೆಲ್‌ನ ಡಿಡಿಆರ್5 ಬೋರ್ಡುಗಳಲ್ಲಿ ನಾಲ್ಕೂ ಗೂಡು ತುಂಬಿದರೆ ರ‍್ಯಾಮಿನ ವೇಗ ಎಷ್ಟೋ ಸಲ 3600ಕ್ಕೆ ಇಳಿಯುತ್ತದೆ.

‘ಸ್ಮೃತಿ’ ಬೇಡ. ‘ಮೆಮೊರಿ’ ಕೂಡ ಬೇಡವೇ ಬೇಡ, ಯಾಕೆಂದರೆ ಮೊಬೈಲ್ ಅಂಗಡಿಗಳ ದಯೆಯಿಂದ ‘512 ಜಿಬಿ ಮೆಮೊರಿ’ ಎಂದರೆ ಈಗ ಜನಕ್ಕೆ ಡಿಸ್ಕ್ ಎಂದೇ ಅರ್ಥ. ರ‍್ಯಾಮ್, ಡಿಸ್ಕ್ ಎಂದು ಬಿಡಿಸಿ ಹೇಳಿ.

ನೋಡ್‌ಗೆ ‘ಗಂಟು’ ಚೆನ್ನಾಗಿದೆ, ಲೆಕ್ಕಕ್ಕಾಗಿ ಭಾಗವನ್ನು ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಒಡೆದ ಮೆಷ್ ಬಲೆಯಾದರೆ ಬಲೆಗೆ ಗಂಟು ಇದ್ದೇ ಇದೆ. ಆದರೆ ಕ್ಲಸ್ಟರಿನ (ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪಿನ) ನೋಡ್ ಇಡೀ ಒಂದು ಕಂಪ್ಯೂಟರ್, ಅದನ್ನು ‘ಯಂತ್ರ’ ಎನ್ನಿ. ಡಿಒಎಫ್‌ಗೆ (ಡಿಗ್ರೀಸ್ ಆಫ್ ಫ್ರೀಡಮ್) ‘ಸ್ವಾತಂತ್ರ್ಯದ ಮಟ್ಟ’ ಎಂದರೆ ಓದುವವರಿಗೆ ಏನೂ ಹೊಳೆಯದು. ‘ಬಿಡಿಸಬೇಕಾದ ಅಜ್ಞಾತ ಬೆಲೆಗಳು’ ಎಂದು ಒಮ್ಮೆ ವಿವರಿಸಿ ಮುಂದೆ ಡಿಒಎಫ್ ಎಂದೇ ಬಳಸಿ. ಈ ಪದ ಬಿಟ್ಟರೆ ರ‍್ಯಾಮಿನ ಲೆಕ್ಕವೇ ಆಗುವುದಿಲ್ಲ. ಬಲದ ಲೆಕ್ಕದಲ್ಲಿ ಗಟ್ಟಿ ಎಲಿಮೆಂಟಿನ ಪ್ರತಿ ಗಂಟಿಗೆ ಮೂರು ಡಿಒಎಫ್, ಶೆಲ್ (ತೆಳು ತಗಡಿನ ಎಲಿಮೆಂಟ್) ಆದರೆ ಆರು. 5 ಲಕ್ಷ ಗಂಟಿನ ಗಟ್ಟಿ ಭಾಗ ಎಂದರೆ 15 ಲಕ್ಷ ಡಿಒಎಫ್. ಆನ್ಸಿಸ್‌ನ ನೇರ ಸಾಲ್ವರ್ (ಸಮೀಕರಣಗಳನ್ನು ಬಿಡಿಸುವ ಭಾಗ) ಪೂರ್ತಿ ರ‍್ಯಾಮಿನೊಳಗೇ ಓಡಲು 10 ಲಕ್ಷ ಡಿಒಎಫ್‌ಗೆ ಸುಮಾರು 10 ಜಿಬಿ ಹಿಡಿಯುವುದು ರೂಢಿ, ಹಾಗಾಗಿ ಇದಕ್ಕೆ 15 ಜಿಬಿ, ಮೇಲೆ ವಿಂಡೋಸ್ ಮತ್ತು ಇತರ ಕೆಲಸಗಳ ಪಾಲು. ಅಷ್ಟು ಜಾಗ ಸಿಗದಿದ್ದರೆ ಸಾಲ್ವರ್ ನಿಲ್ಲುವುದಿಲ್ಲ. ಹತ್ತರಲ್ಲೊಂದು ಪಾಲು ರ‍್ಯಾಮಿನಲ್ಲಿ ಏಗುತ್ತ ಉಳಿದದ್ದನ್ನು ಡಿಸ್ಕಿಗೆ ಬರೆದು ಓದಿ ಮಾಡುತ್ತದೆ. ‘ವೇಗದ ಡಿಸ್ಕ್’ ಎಂಬ ಮಾತಿಗೆ ಅರ್ಥ ಬರುವುದು ಆಗಲೇ: ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಆಸುಪಾಸು, ಒಳ್ಳೆಯ ಪಿಸಿಐಇ 4 ಎನ್‌ವಿಎಂಇ 7000ದ ಹತ್ತಿರ.

ಕೋರ್‌ಗೆ ‘ತಿರುಳು’ ಎಂದರೆ ಹಲಸಿನ ಹಣ್ಣು ನೆನಪಾಗುತ್ತದೆ, ಬಿಡಿ. ಇಲ್ಲಿ ಎಚ್ಚರ ಬೇಕಾದದ್ದು ಎಣಿಕೆಯಲ್ಲಿ. ಕೋರ್ ಬೇರೆ, ಥ್ರೆಡ್ (ಒಂದು ಕೋರ್ ನಡೆಸುವ ಕೆಲಸದ ಸಾಲು) ಬೇರೆ. 8 ಕೋರಿನ ಪ್ರೊಸೆಸರನ್ನು ವಿಂಡೋಸ್ 16 ಎಂದು ತೋರಿಸಬಹುದು, ಆದರೆ ಸಾಲ್ವರ್‌ಗೆ ಆ ಹೆಚ್ಚಿನ ಎಂಟರಿಂದ ಲಾಭ ಅಷ್ಟಕ್ಕಷ್ಟೆ. ‘24 ಕೋರ್’ ಎಂದು ಮಾರುವ ಐ9-13900ಕೆಯಲ್ಲಿ ದೊಡ್ಡ ಕೋರ್ 8, ಚಿಕ್ಕವು 16. ಕೆಲಸವನ್ನು ಸಮಪಾಲು ಹಂಚಿದಾಗ ದೊಡ್ಡವು ಬೇಗ ಮುಗಿಸಿ ಚಿಕ್ಕವುಗಳಿಗಾಗಿ ಕಾಯುತ್ತವೆ. ಲೈಸೆನ್ಸಿನ ಮಾತಂತೂ ಮರೆಯಬೇಡಿ: ಆನ್ಸಿಸ್ ಮೂಲ ಲೈಸೆನ್ಸಿಗೆ 4 ಕೋರ್, ಒಂದು ಎಚ್‌ಪಿಸಿ ಪ್ಯಾಕ್ (ಹೆಚ್ಚು ಕೋರ್ ಬಳಸಲು ಕೊಳ್ಳುವ ಲೈಸೆನ್ಸ್) ಸೇರಿದರೆ 12, ಎರಡಾದರೆ 36. ಪ್ಯಾಕ್ ಇಲ್ಲದೆ 32 ಕೋರ್ ಕೊಳ್ಳುವುದು ದಂಡ.

ಇಸಿಸಿಗೆ ‘ತಪ್ಪು ತಿದ್ದುವ ರ‍್ಯಾಮ್’ ಎನ್ನಿ. ಡಿಡಿಆರ್5 ಚಿಪ್ಪಿನೊಳಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು ಹೇಗೂ ಇರುತ್ತದೆ, ಅದನ್ನೇ ತೋರಿಸಿ ‘ಇಸಿಸಿ ಇದೆ’ ಎನ್ನುವವರುಂಟು. ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ ಬಿಟ್ ಕೆಟ್ಟರೆ ಅದು ಕಾಯದು. ನಿಜವಾದ ಇಸಿಸಿ ಕಡ್ಡಿ ಹೆಚ್ಚುವರಿ ಬಿಟ್‌ಗಳನ್ನು ಹೊತ್ತು ತರುತ್ತದೆ, ಅದಕ್ಕೆ ಬೋರ್ಡು, ಪ್ರೊಸೆಸರ್ ಎರಡೂ ಒಪ್ಪಬೇಕು. ‘ರಿಜಿಸ್ಟರ್ಡ್’ ಎಂಬ ಜಾತಿಯದು ಮಾಮೂಲಿ ಬೋರ್ಡಿನ ಗೂಡಿಗೆ ಕೂರುವುದೇ ಇಲ್ಲ.

ಇನ್ನೊಂದು ಸೇರ್ಪಡೆ, ಬಂಗಾರಪೇಟೆಯಿಂದ:

‘ಪ್ರೊಫೆಷನಲ್ ಗ್ರಾಫಿಕ್ಸ್ ಕಾರ್ಡ್’ ಎಂಬ ಪದವೂ ದಾರಿ ತಪ್ಪಿಸುತ್ತದೆ. ಅದರ ಬೆಲೆ ಹೆಚ್ಚಾಗಿ ಪರೀಕ್ಷೆಯಾದ ಡ್ರೈವರಿಗೆ. ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ (ಮಾಡೆಲನ್ನು ನಿಜದ ಹೊಳಪಿನಲ್ಲಿ ತೋರಿಸುವ ನೋಟ) ಬೇಕೆಂದರೆ ಅದು ಬೇಕು. ಹಾಗಂತ ಸಾಲ್ವರ್ ಓಡಿಸಲೂ ಅದೇ ಮೇಲು ಎಂದುಕೊಳ್ಳಬಾರದು. ಆರ್‌ಟಿಎಕ್ಸ್ ಎ6000 ಎಂಬ ಪ್ರೊಫೆಷನಲ್ ಕಾರ್ಡಿನ ವೇಗ ಕೂಡ ಡಬಲ್ ಪ್ರಿಸಿಷನ್‌ನಲ್ಲಿ (ಸಾಲ್ವರ್ ಸಾಮಾನ್ಯವಾಗಿ ಬಳಸುವ, ಹೆಚ್ಚು ನಿಖರವಾದ ಲೆಕ್ಕದಲ್ಲಿ), ಗೇಮಿಂಗ್ ಕಾರ್ಡಿನಂತೆ, ಸಿಂಗಲ್‌ನ (ಕಡಿಮೆ ನಿಖರತೆಯದರ) 64ರಲ್ಲಿ ಒಂದು ಪಾಲು ಮಾತ್ರ. ಕೈಪಿಡಿಯಲ್ಲಿ ‘ಪ್ರಮಾಣೀಕೃತ ಕಾರ್ಡ್’ ಎಂದರೆ ಇರುವಷ್ಟೇ ಅರ್ಥ ಬರುತ್ತದೆ.

‘ಬ್ಯಾಕಪ್’ ಪದವನ್ನೂ ಸೇರಿಸಿಕೊಳ್ಳಿ. ಯುಪಿಎಸ್ ಅಂಗಡಿಯಲ್ಲಿ ಅದು ಬ್ಯಾಟರಿ ತಡೆಯುವ ಹೊತ್ತು, ಕಂಪ್ಯೂಟರಿನವರಿಗೆ ಕಡತದ ನಕಲು. ರಾತ್ರಿಯಿಡೀ ಓಡುವ ಲೆಕ್ಕಕ್ಕೆ ಎರಡೂ ಬೇಕು. ಒಂದು ಕೆವಿಎ ಯುಪಿಎಸ್ ಎಂದರೆ ಸಾವಿರ ವ್ಯಾಟ್ ಅಲ್ಲ, ಅಗ್ಗದವುಗಳಲ್ಲಿ 600 ವ್ಯಾಟ್ ಸಿಕ್ಕರೆ ಹೆಚ್ಚು, ಆದ್ದರಿಂದ ‘ಇಷ್ಟು ವ್ಯಾಟ್ ಹೊರೆಗೆ ಇಷ್ಟು ನಿಮಿಷ’ ಎಂದು ಕೇಳಬೇಕು. ಆ ನಿಮಿಷಗಳಲ್ಲಿ ಲೆಕ್ಕ ಮುಗಿಯುವುದಿಲ್ಲ, ಯಂತ್ರವನ್ನು ಸರಿಯಾಗಿ ಬಂದ್ ಮಾಡಬಹುದಷ್ಟೆ. ಮತ್ತೆ ಮೊದಲಿನಿಂದ ಓಡಿಸಬಾರದೆಂದರೆ ಫ್ಲೂಯೆಂಟ್‌ನಲ್ಲಿ ಆಟೋಸೇವ್, ಆನ್ಸಿಸ್ ಮೆಕ್ಯಾನಿಕಲ್‌ನಲ್ಲಿ ರೀಸ್ಟಾರ್ಟ್ ಬಿಂದುಗಳನ್ನು ಓಟ ಶುರುವಾಗುವ ಮೊದಲೇ ಹಾಕಿಡಬೇಕು.