ಮುಕ್ತ ಮಾರುಕಟ್ಟೆಯನ್ನು ಒಪ್ಪುವವರು ಔಷಧ ಪೇಟೆಂಟನ್ನು ಒಪ್ಪಲು ಸಾಧ್ಯವೇ?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಪದವಿ ತರಗತಿಯಲ್ಲಿ 1991ರ ಆರ್ಥಿಕ ಸುಧಾರಣೆಗಳನ್ನು ಬೋಧಿಸುವಾಗ, ಅದಕ್ಕೂ ಹಿಂದಿನ ನಾಲ್ಕು ದಶಕಗಳಲ್ಲಿ ಯಾವ ಕಾರ್ಖಾನೆ ಏನನ್ನು, ಎಷ್ಟು ಪ್ರಮಾಣದಲ್ಲಿ ತಯಾರಿಸಬಹುದೆಂಬುದನ್ನು 1951ರ ಕೈಗಾರಿಕಾ ಕಾಯ್ದೆಯಡಿ ಸರ್ಕಾರವೇ ನಿರ್ಧರಿಸುತ್ತಿದ್ದುದನ್ನು ವಿವರಿಸುತ್ತೇನೆ. ರಾಜಾಜಿಯವರು ಈ ಲೈಸೆನ್ಸ್-ಪರ್ಮಿಟ್ ರಾಜ್ ಅನ್ನು ಏಕೆ ಅಷ್ಟು ತೀವ್ರವಾಗಿ ವಿರೋಧಿಸಿದರೆಂಬುದನ್ನೂ ಹೇಳುತ್ತೇನೆ. ಈ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಅವಳಿಗೆ ತೃಪ್ತಿಯಾಗುವಂತಹ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಒಬ್ಬರಿಗಷ್ಟೇ ತಯಾರಿಕೆಯ ಅನುಮತಿ ನೀಡಿ ಉಳಿದವರನ್ನು ಕಾನೂನಿನ ಬಲದಿಂದ ತಡೆಯುವುದು ಲೈಸೆನ್ಸ್ ರಾಜ್ ಆಗಿದ್ದರೆ, ಒಂದು ಔಷಧಕ್ಕೆ 20 ವರ್ಷಗಳ ಪೇಟೆಂಟ್ ಕೊಡುವುದು ಅದಕ್ಕಿಂತ ಯಾವ ಬಗೆಯಲ್ಲಿ ಬೇರೆ ಎಂಬುದು ಆಕೆಯ ಪ್ರಶ್ನೆ.

ಮಾರುಕಟ್ಟೆಯ ಪರವಾಗಿ ಬರೆದವರಲ್ಲಿಯೂ ಒಮ್ಮತ ಕಾಣುವುದಿಲ್ಲ. ಐನ್ ರ‍್ಯಾಂಡ್ ಅವರು ಪೇಟೆಂಟನ್ನು ಬುದ್ಧಿಯ ದುಡಿಮೆಯ ಫಲವೆಂದು ಬಲವಾಗಿ ಸಮರ್ಥಿಸಿದರು. ಮರ್ರೆ ರಾತ್‌ಬಾರ್ಡ್ ಅವರು, ಯಾರನ್ನೂ ನಕಲು ಮಾಡದೆ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದವನನ್ನೂ ಪೇಟೆಂಟ್ ತಡೆಯುತ್ತದೆ ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸಿದರು. ಹಾಯೆಕ್ ಅವರಂತೂ ಭೌತಿಕ ವಸ್ತುಗಳಿಗಾಗಿ ಬೆಳೆದು ಬಂದ ಆಸ್ತಿಯ ಕಲ್ಪನೆಯನ್ನು ಯಾಂತ್ರಿಕವಾಗಿ ಇಂತಹ ಹಕ್ಕುಗಳಿಗೆ ವಿಸ್ತರಿಸಬಾರದೆಂದು ಎಚ್ಚರಿಸಿದ್ದರು. ಔಷಧ ಕ್ಷೇತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಪೇಟೆಂಟನ್ನು ವಿರೋಧಿಸುವವರು ಔಷಧ ನಿಯಂತ್ರಣವನ್ನೂ ವಿರೋಧಿಸಲೇಬೇಕಾಗುತ್ತದೆಯೇ ಎಂಬುದನ್ನೂ ತಿಳಿಸಿ.

ಉತ್ತರ 1: ಸಹ್ಯಾದ್ರಿ ವಕೀಲ

ಉಪನ್ಯಾಸಕರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾದ ಜಾಗವನ್ನೇ ಮುಟ್ಟಿದೆ. ಚರಿತ್ರೆಯೂ ಅವಳ ಪರವಾಗಿದೆ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಅರಮನೆಯ ಕೃಪೆ ಪಡೆದವರಿಗೆ ಇಸ್ಪೀಟು ಎಲೆಯಂತಹ ದಿನಬಳಕೆಯ ಸರಕುಗಳ ಮೇಲೂ ಏಕಸ್ವಾಮ್ಯ ಸಿಗುತ್ತಿತ್ತು. ಅಂತಹ ಸನ್ನದುಗಳ ವಿರುದ್ಧ ಎದ್ದ ಅಸಮಾಧಾನದ ಫಲವಾಗಿ 1624ರಲ್ಲಿ ಅಲ್ಲಿನ ಸಂಸತ್ತು ಏಕಸ್ವಾಮ್ಯಗಳನ್ನು ರದ್ದುಪಡಿಸಿ, ಹೊಸ ಆವಿಷ್ಕಾರಗಳಿಗೆ ಮಾತ್ರ 14 ವರ್ಷಗಳ ಅವಧಿಯ ವಿನಾಯಿತಿಯನ್ನು ಉಳಿಸಿತು. ಇಂದಿನ ಪೇಟೆಂಟ್ ಕಾನೂನುಗಳ ಮೂಲ ಆ ವಿನಾಯಿತಿಯಲ್ಲಿದೆ. ಅಂದರೆ ಪೇಟೆಂಟ್ ಹುಟ್ಟಿದ್ದು ಹೊಲ, ಮನೆ, ಹಸುಗಳ ಒಡೆತನದಂತೆ ಜನರ ನಡುವಿನ ರೂಢಿಯಿಂದಲ್ಲ. ಅರಸೊತ್ತಿಗೆ ಕೊಡುತ್ತಿದ್ದ ಸನ್ನದಿನಿಂದ.

ಆಸ್ತಿ ಎಂಬ ವ್ಯವಸ್ಥೆ ನಮಗೆ ಬೇಕಾಗಿರುವುದು ವಸ್ತುಗಳು ಮಿತವಾಗಿರುವುದರಿಂದ. ಒಂದೇ ಗದ್ದೆಯನ್ನು ಇಬ್ಬರು ಒಂದೇ ಹಂಗಾಮಿನಲ್ಲಿ ಬೇರೆ ಬೇರೆಯಾಗಿ ಉಳಲು ಬರುವುದಿಲ್ಲವಾದ್ದರಿಂದ, ಅದು ಯಾರದೆಂಬ ನಿಯಮವಿಲ್ಲದಿದ್ದರೆ ಜಗಳವಾಗುತ್ತದೆ. ಅಮೆರಿಕದ ಮೊದಲ ಪೇಟೆಂಟ್ ಮಂಡಳಿಯಲ್ಲಿ ಕುಳಿತು ಸ್ವತಃ ಅರ್ಜಿಗಳನ್ನು ಪರಿಶೀಲಿಸಿದ್ದ ಥಾಮಸ್ ಜೆಫರ್ಸನ್ ಅವರು 1813ರ ಒಂದು ಪತ್ರದಲ್ಲಿ, ನನ್ನ ದೀಪದಿಂದ ಇನ್ನೊಬ್ಬ ತನ್ನ ದೀಪವನ್ನು ಹಚ್ಚಿಕೊಂಡರೆ ನನಗೆ ಕತ್ತಲಾಗುವುದಿಲ್ಲ ಎಂಬ ಅರ್ಥದ ಮಾತನ್ನು ಬರೆದರು. ಒಂದು ಅಣುವನ್ನು ಕಟ್ಟುವ ವಿಧಾನವನ್ನು ಹತ್ತು ಕಾರ್ಖಾನೆಗಳು ಏಕಕಾಲಕ್ಕೆ ಬಳಸಿದರೂ ಆ ವಿಧಾನ ಸವೆಯುವುದಿಲ್ಲ. ಸವೆಯದಿರುವುದಕ್ಕೆ ಬೇಲಿ ಹಾಕಬೇಕಾದರೆ ರಾಜ್ಯವು ಬೇರೆಯವರ ಕೈಯಲ್ಲಿರುವ ನಿಜವಾದ ಆಸ್ತಿಯ ಮೇಲೆ, ಅಂದರೆ ಅವರ ಯಂತ್ರ, ಅವರ ಕಚ್ಚಾ ವಸ್ತು, ಅವರ ದುಡಿಮೆಯ ಮೇಲೆ ನಿರ್ಬಂಧ ಹೇರಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಅನ್ಯಾಯವನ್ನು ನಮ್ಮ ನೆಲ ಬಹುಕಾಲ ಅನುಭವಿಸಿದೆ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ ನಂತರ ಒಡೆಯರ ಆಳ್ವಿಕೆಯಲ್ಲಿಯೂ, ಸ್ವಾತಂತ್ರ್ಯಾನಂತರದ ರಾಜ್ಯ ಸರ್ಕಾರಗಳ ಕಾಲದಲ್ಲಿಯೂ ರೈತನ ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರ ಅವನದಾಗಿರಲಿಲ್ಲ. ಮರವನ್ನು ಕಾಯುವ ಹೊಣೆ ಮಾತ್ರ ಅವನ ಮೇಲಿತ್ತು. ಇಂತಹ ಕಾನೂನಿರುವಾಗ ಬೇಲಿಯಂಚಿನಲ್ಲಿ ಹುಟ್ಟಿದ ಗಂಧದ ಸಸಿಯನ್ನು ಉಳಿಸಿಕೊಳ್ಳಲು ಯಾವ ರೈತನಿಗೆ ತಾನೆ ಮನಸ್ಸು ಬಂದೀತು? 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲಷ್ಟೇ ಜಮೀನುದಾರನಿಗೆ ಮರದ ಒಡೆತನ ಸಿಕ್ಕಿತು. ಬೆಳೆಯಲು ದಶಕಗಳು ಬೇಕಾಗುವ, ಒಮ್ಮೆ ಕಡಿದರೆ ಮುಗಿದೇ ಹೋಗುವ ವಸ್ತುವಿಗೆ ಒಡೆತನವನ್ನು ನಿರಾಕರಿಸಿದ ರಾಜ್ಯವೇ, ಎಷ್ಟು ಬಳಸಿದರೂ ಮುಗಿಯದ ವಿಚಾರಕ್ಕೆ ಒಡೆತನವನ್ನು ಸೃಷ್ಟಿಸುತ್ತದೆ. ಎರಡೂ ಒಂದೇ ಅಧಿಕಾರದ ಎರಡು ರೂಪಗಳು. ಆದ್ದರಿಂದ ಪೇಟೆಂಟನ್ನು ಸರ್ಕಾರಿ ನಿಯಂತ್ರಣಗಳ ಪಟ್ಟಿಯಲ್ಲಿಯೇ ಸೇರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2: ರಸಾಯನಶಾಸ್ತ್ರಜ್ಞ, ಬೆಂಗಳೂರು

ವಕೀಲರ ವಾದ ತರ್ಕದಲ್ಲಿ ಸುಂದರವಾಗಿದೆ. ಆದರೆ ಔಷಧ ತಯಾರಿಕೆಯಲ್ಲಿ ಆಯುಷ್ಯ ಕಳೆದ ನನಗೆ ಅದರಲ್ಲಿ ಒಂದು ಖಾಲಿ ಜಾಗ ಕಾಣುತ್ತದೆ. ಆ ವಿಚಾರ ಮುಗಿಯುವುದಿಲ್ಲ ನಿಜ. ಅದನ್ನು ಹುಡುಕುವವರ ಹಣ ಮುಗಿಯುತ್ತದೆ.

ಭಾರತದ ಅನುಭವವನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. 1911ರ ಬ್ರಿಟಿಷ್ ಕಾಲದ ಪೇಟೆಂಟ್ ಕಾಯ್ದೆ ಜಾರಿಯಲ್ಲಿದ್ದಾಗ, ಬಡದೇಶವಾಗಿದ್ದರೂ ನಮ್ಮಲ್ಲಿ ಔಷಧಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆಯೆಂದು ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿಯೇ ಗುರುತಿಸಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿ ರೂಪುಗೊಂಡ 1970ರ ಕಾಯ್ದೆಯು ಔಷಧ ಮತ್ತು ಆಹಾರ ಪದಾರ್ಥಗಳಿಗೆ ವಸ್ತುವಿನ ಮೇಲಿನ ಪೇಟೆಂಟನ್ನು ತೆಗೆದುಹಾಕಿ, ತಯಾರಿಕಾ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷಗಳ ಹಕ್ಕನ್ನು ಉಳಿಸಿತು. 1972ರಿಂದ 2005ರವರೆಗೆ ಈ ವ್ಯವಸ್ಥೆ ನಡೆಯಿತು. ರ‍್ಯಾನಿಟಿಡಿನ್, ಸಿಪ್ರೋಫ್ಲಾಕ್ಸಾಸಿನ್‌ಗಳು ಪಾಶ್ಚಾತ್ಯ ದೇಶಗಳಲ್ಲಿ ಇನ್ನೂ ಪೇಟೆಂಟಿನ ಅಡಿಯಲ್ಲಿದ್ದಾಗಲೇ ನಮ್ಮ ಹಲವು ಕಂಪನಿಗಳು ಅವುಗಳನ್ನು ಬೇರೆ ದಾರಿಯಿಂದ ತಯಾರಿಸಿ ಅಗ್ಗವಾಗಿ ಮಾರಿದವು. ಒಂದೇ ಅಣುವಿಗೆ ಹೊಸ ದಾರಿಯನ್ನು ಹುಡುಕುವ ನಮ್ಮ ಕೌಶಲ ಆ ಕಾಲದಲ್ಲಿ ಹದಗೊಂಡಿತು. ಅದರ ಬಗ್ಗೆ ನನಗೆ ಅಪಾರ ಹೆಮ್ಮೆಯಿದೆ.

ಆದರೂ ಇದನ್ನು ಮುಕ್ತ ಮಾರುಕಟ್ಟೆಯ ವಿಜಯವೆಂದು ಕರೆಯಲು ನಾನು ಸಿದ್ಧನಿಲ್ಲ. ಅದೇ ಅವಧಿಯಲ್ಲಿ ವಿದೇಶಿ ಬಂಡವಾಳಕ್ಕೆ ಮಿತಿಯಿತ್ತು, ಆಮದಿಗೆ ಭಾರಿ ಸುಂಕವಿತ್ತು, ಉತ್ಪಾದನೆಗೆ ಪರವಾನಗಿ ಬೇಕಿತ್ತು, ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನಾವು ತಯಾರಿಸಿದ ಆ ಅಣುಗಳನ್ನು ಕಂಡುಹಿಡಿದದ್ದು ಪೇಟೆಂಟ್ ಇದ್ದ ದೇಶಗಳ ಪ್ರಯೋಗಾಲಯಗಳು. ಸ್ವಿಟ್ಜರ್‌ಲೆಂಡ್ ರಾಸಾಯನಿಕಗಳಿಗೆ 1907ರವರೆಗೆ ಪೇಟೆಂಟ್ ಕೊಡದೆ ಬೆಳೆಯಿತು, ನೆದರ್‌ಲೆಂಡ್ಸ್ 1869ರಲ್ಲಿ ಪೇಟೆಂಟನ್ನೇ ರದ್ದುಪಡಿಸಿ ನಾಲ್ಕು ದಶಕ ನಡೆಸಿತು ಎಂಬ ಉದಾಹರಣೆಗಳಿಗೂ ಇದೇ ಆಕ್ಷೇಪ ಅನ್ವಯಿಸುತ್ತದೆ. ನೆರೆಹೊರೆಯವರ ಪೇಟೆಂಟಿನ ಫಲ ಅವರಿಗೂ ದೊರೆಯುತ್ತಿತ್ತು. 1958ರಲ್ಲಿ ಅಮೆರಿಕದ ಸೆನೆಟ್‌ಗಾಗಿ ಈ ವಿಷಯವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮ್ಯಾಕ್ಲಪ್, ಪೇಟೆಂಟ್ ಪದ್ಧತಿ ಇಲ್ಲದಿದ್ದರೆ ಅದನ್ನು ಹೊಸದಾಗಿ ತರಲು ಶಿಫಾರಸು ಮಾಡುವುದೂ, ಬಹುಕಾಲದಿಂದ ಇರುವ ಅದನ್ನು ರದ್ದುಪಡಿಸಲು ಶಿಫಾರಸು ಮಾಡುವುದೂ ನಮಗಿರುವ ತಿಳಿವಳಿಕೆಯ ಮಟ್ಟಿಗೆ ಬೇಜವಾಬ್ದಾರಿಯಾಗುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ನನ್ನ ನಿಲುವೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಉತ್ತರ 3: ಉಡುಪಿಯ ಫಾರ್ಮಸಿಸ್ಟ್, ಈಗ ನ್ಯೂಜೆರ್ಸಿ

ರಸಾಯನಶಾಸ್ತ್ರಜ್ಞರು ಹೇಳಿದ ಖರ್ಚಿನ ಮಾತನ್ನು ಒಪ್ಪುತ್ತೇನೆ. ಆದರೆ ಆ ಖರ್ಚಿನಲ್ಲಿ ಎಷ್ಟು ಭಾಗ ಆವಿಷ್ಕಾರದ್ದು, ಎಷ್ಟು ಭಾಗ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯುವುದರದ್ದು ಎಂಬುದನ್ನು ಬಿಡಿಸಿ ನೋಡಬೇಕು. ಉಪನ್ಯಾಸಕರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಅಮೆರಿಕದಲ್ಲಿ 1938ರ ಕಾಯ್ದೆಯು ಔಷಧ ಸುರಕ್ಷಿತವೆಂದು ತೋರಿಸಬೇಕೆಂದಷ್ಟೇ ಕೇಳುತ್ತಿತ್ತು. ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್ ಎಂಬ ಔಷಧದಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಬಳಿಕ, 1962ರ ತಿದ್ದುಪಡಿಯು ಔಷಧ ಪರಿಣಾಮಕಾರಿಯೆಂಬುದನ್ನೂ ಪ್ರಯೋಗಗಳಿಂದ ಸಾಬೀತುಪಡಿಸಬೇಕೆಂದಿತು. ಬಹಳಷ್ಟು ಜನ ಗಮನಿಸದ ಒಂದು ಸಂಗತಿ ಇಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅಧಿಕಾರಿ ಡಾ. ಫ್ರಾನ್ಸಿಸ್ ಕೆಲ್ಸಿ ಅವರು ಥಾಲಿಡೊಮೈಡ್‌ಗೆ ಒಪ್ಪಿಗೆ ತಡೆಹಿಡಿದದ್ದು ಹಳೆಯ ಸುರಕ್ಷತಾ ಕಾನೂನಿನ ಬಲದಿಂದಲೇ. ಆ ಗೆಲುವಿನ ಹೆಸರಿನಲ್ಲಿ ಬಂದ ಹೊಸ ಕಾನೂನು ಬೇರೆಯೇ ಒಂದು ಷರತ್ತನ್ನು ಸೇರಿಸಿತು. ಅದರ ನಂತರ ಮಾರುಕಟ್ಟೆಗೆ ಬರುವ ಹೊಸ ಔಷಧಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತೆಂದು ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1973ರಲ್ಲಿ ತೋರಿಸಿದರು. ಇಳಿಕೆಗೆ ಬೇರೆ ಕಾರಣಗಳೂ ಇದ್ದವೆಂದು ಅವರ ವಿಮರ್ಶಕರು ವಾದಿಸಿದ್ದಾರೆ. ಆದರೆ ಪರೀಕ್ಷೆಗಳ ಕಾಲ ಮತ್ತು ವೆಚ್ಚ ಹೆಚ್ಚಿದ್ದನ್ನು ಯಾರೂ ಅಲ್ಲಗಳೆದಿಲ್ಲ. 1984ರಲ್ಲಿ ಅಮೆರಿಕದ ಸಂಸತ್ತು, ಒಪ್ಪಿಗೆಗಾಗಿ ಕಾಯುವುದರಲ್ಲಿ ಕಳೆದುಹೋದ ಕಾಲಕ್ಕೆ ಪರಿಹಾರವಾಗಿ ಪೇಟೆಂಟ್ ಅವಧಿಯನ್ನು ಐದು ವರ್ಷಗಳವರೆಗೆ ವಿಸ್ತರಿಸಲು ಅವಕಾಶ ಮಾಡಿಕೊಟ್ಟಿತು. ಒಂದು ನಿಯಂತ್ರಣದಿಂದಾದ ನಷ್ಟವನ್ನು ಇನ್ನೊಂದು ಏಕಸ್ವಾಮ್ಯದಿಂದ ತುಂಬಿಕೊಡುವ ಕ್ರಮ ಇದು, ಮತ್ತು ಎರಡರ ಬೆಲೆಯನ್ನೂ ತೆರುವವನು ರೋಗಿ.

ಪೇಟೆಂಟೇ ಇಲ್ಲದೆ ನಿಯಂತ್ರಣವೊಂದರಿಂದಲೇ ಏಕಸ್ವಾಮ್ಯ ಹುಟ್ಟಿದ್ದನ್ನೂ ಈ ದೇಶ ಕಂಡಿದೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಕೊಲ್ಚಿಸಿನ್ ಬಹಳ ಹಳೆಯ ಔಷಧ; ನಮ್ಮ ಕಡೆಯ ಬೇಲಿಗಳಲ್ಲಿ ಹೂ ಬಿಡುವ ಅಗ್ನಿಶಿಖೆಯ ಬೀಜದಲ್ಲಿಯೂ ಅದು ಇದೆ. ಅಮೆರಿಕದಲ್ಲಿ ಹಲವು ಕಂಪನಿಗಳು ಅದನ್ನು ವಿಧಿವತ್ತಾದ ಒಪ್ಪಿಗೆ ಇಲ್ಲದೆಯೇ ದಶಕಗಳಿಂದ ಮಾರುತ್ತಿದ್ದವು, ಒಂದು ಮಾತ್ರೆಗೆ ಸುಮಾರು 9 ಸೆಂಟ್ ಬೆಲೆಯಿತ್ತು. 2009ರಲ್ಲಿ ಒಂದು ಕಂಪನಿ ಪ್ರಯೋಗ ನಡೆಸಿ ಒಪ್ಪಿಗೆ ಪಡೆಯಿತು, ಅದಕ್ಕೆ ಪ್ರತಿಯಾಗಿ ಕೆಲವು ವರ್ಷಗಳ ಏಕೈಕ ಮಾರಾಟದ ಹಕ್ಕು ದೊರೆಯಿತು, ಉಳಿದವರಿಗೆ ನಿಲ್ಲಿಸಲು ಆದೇಶವಾಯಿತು. ಬೆಲೆ ಮಾತ್ರೆಯೊಂದಕ್ಕೆ ಐದು ಡಾಲರಿನ ಹತ್ತಿರಕ್ಕೆ ಏರಿತು. ಯಾರೂ ಹೊಸ ಅಣುವನ್ನು ಕಂಡುಹಿಡಿದಿರಲಿಲ್ಲ. ತಿಂಗಳ ಔಷಧಕ್ಕಾಗಿ ಕೌಂಟರಿನ ಮುಂದೆ ನಿಂತ ವೃದ್ಧರಿಗೆ ಈ ಏರಿಕೆಯ ಕಾರಣವನ್ನು ವಿವರಿಸುವುದು ನನ್ನಂಥವರಿಗೆ ಸಂಕಟದ ಕೆಲಸ.

ಹಾಗೆಂದು ಎಲ್ಲ ನಿಯಂತ್ರಣವನ್ನೂ ಕಿತ್ತೊಗೆಯಬೇಕೆನ್ನುವವರ ಜೊತೆ ನಾನು ಹೋಗಲಾರೆ. 1937ರಲ್ಲಿ ವಿಷಕಾರಿ ದ್ರಾವಕವಾದ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫಾ ಔಷಧವನ್ನು ಕುಡಿದು ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. 1938ರ ಕಾನೂನು ಬಂದದ್ದೇ ಅದರಿಂದ. 2022ರಲ್ಲಿ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್‌ಗಳಲ್ಲಿ ಅದೇ ವಿಷ ಇದೆಯೆಂದು ಗ್ಯಾಂಬಿಯಾದ ಮಕ್ಕಳ ಸಾವಿನ ಸಂದರ್ಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಪರವಾನಗಿ ಪದ್ಧತಿ ಇದ್ದೂ ಹೀಗಾಯಿತು ಎಂದು ಮಾರುಕಟ್ಟೆವಾದಿಗಳು ಹೇಳಬಹುದು, ಅದು ಸುಳ್ಳಲ್ಲ. ಆದರೆ ಸತ್ತ ಮಗುವಿನ ತಾಯಿಗೆ ನ್ಯಾಯಾಲಯದ ಪರಿಹಾರವೊಂದೇ ಸಾಕೆಂಬ ವಾದವನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಬಾಟಲಿಯಲ್ಲಿರುವುದು ಚೀಟಿಯಲ್ಲಿ ಬರೆದದ್ದೇ ಆಗಿದೆಯೇ, ಅದರಲ್ಲಿ ವಿಷವಿದೆಯೇ ಎಂಬ ಪರೀಕ್ಷೆ ಮಾರಾಟಕ್ಕೆ ಮೊದಲೇ ಆಗಬೇಕು.

ಉಪನ್ಯಾಸಕ, ದಾವಣಗೆರೆ

ಮೂವರಿಗೂ ಧನ್ಯವಾದಗಳು. ಪೇಟೆಂಟ್ ತೆಗೆಯಬೇಕೆನ್ನುವ ವಕೀಲರು ಬೆಲೆ ನಿಯಂತ್ರಣದ ಬಗ್ಗೆ ಏನು ಹೇಳುತ್ತಾರೆ? ನಮ್ಮಲ್ಲಿ ಬಡವರಿಗೆ ಔಷಧ ಎಟುಕುತ್ತಿರುವುದು ಆ ಆದೇಶಗಳಿಂದಲೇ ಎಂಬುದು ಸಾಮಾನ್ಯ ನಂಬಿಕೆ.

ಉತ್ತರ 4: ಸಹ್ಯಾದ್ರಿ ವಕೀಲ

ಆ ನಂಬಿಕೆಯನ್ನು ಅಂಕಿಗಳು ಪೂರ್ಣವಾಗಿ ಬೆಂಬಲಿಸುವುದಿಲ್ಲ. 1979ರ ಆದೇಶದಲ್ಲಿ 347 ಮೂಲ ಔಷಧಗಳು ಬೆಲೆ ನಿಯಂತ್ರಣದಲ್ಲಿದ್ದವು, 1987ರಲ್ಲಿ 142, 1995ರಲ್ಲಿ 74. ಪಟ್ಟಿ ಕುಗ್ಗುತ್ತ ಹೋದ ಆ ವರ್ಷಗಳಲ್ಲಿಯೇ ನಮ್ಮ ಔಷಧಗಳು ಜಗತ್ತಿನಲ್ಲಿ ಅಗ್ಗವೆಂದು ಹೆಸರಾದವು. ಅಗ್ಗವಾಗಿಸಿದ್ದು ಒಂದೇ ಔಷಧಕ್ಕೆ ಇದ್ದ ಹತ್ತಾರು ತಯಾರಕರ ಪೈಪೋಟಿ ಎಂಬುದು ನನ್ನ ತಿಳಿವಳಿಕೆ. 2001ರಲ್ಲಿ ಸಿಪ್ಲಾ ಕಂಪನಿಯು ಏಡ್ಸ್ ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರಿನಲ್ಲಿ ಮೂರು ಔಷಧಗಳ ಚಿಕಿತ್ಸೆಯನ್ನು ಒದಗಿಸಲು ಮುಂದಾದಾಗ, ಪಾಶ್ಚಾತ್ಯ ದೇಶಗಳಲ್ಲಿ ಅದರ ಬೆಲೆ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಇನ್ನೂ ಒಂದು ಸಂಗತಿಯನ್ನು ರಸಾಯನಶಾಸ್ತ್ರಜ್ಞರು ಪರಿಗಣಿಸಬೇಕು: ಆ ಮೂರು ಔಷಧಗಳ ಪೇಟೆಂಟ್ ಹೊರಗೆ ಮೂರು ಬೇರೆ ಬೇರೆ ಕಂಪನಿಗಳ ಕೈಯಲ್ಲಿತ್ತು, ಮೂರನ್ನೂ ಸೇರಿಸಿ ಒಂದೇ ಮಾತ್ರೆ ಮಾಡಲು ಸಾಧ್ಯವಾದದ್ದು ಅವುಗಳ ಪೇಟೆಂಟಿನ ಅಡ್ಡಿ ಇಲ್ಲದಿದ್ದ ಭಾರತದಲ್ಲಿ. ನಕಲಿನ ನಾಡಿನಲ್ಲಿಯೇ ಒಂದು ಹೊಸತು ಹುಟ್ಟಿತು.

ಪೇಟೆಂಟ್ ಮರಳಿದ ಮೇಲೆ ಸರ್ಕಾರ ಎರಡನೆಯ ಬಾರಿ ಕೈಹಾಕಬೇಕಾಯಿತು. 2012ರಲ್ಲಿ ಕ್ಯಾನ್ಸರ್ ಔಷಧ ನೆಕ್ಸಾವರ್‌ಗೆ ಕಡ್ಡಾಯ ಪರವಾನಗಿ (ಪೇಟೆಂಟ್ ಹೊಂದಿದವರ ಒಪ್ಪಿಗೆ ಇಲ್ಲದೆಯೂ, ಅವರಿಗೆ ರಾಯಲ್ಟಿ ಕೊಟ್ಟು ಬೇರೆಯವರು ತಯಾರಿಸಲು ಸರ್ಕಾರ ಕೊಡುವ ಅನುಮತಿ) ನೀಡಿದಾಗ, ತಿಂಗಳಿಗೆ ಸುಮಾರು 2,80,000 ರೂಪಾಯಿ ಇದ್ದ ಚಿಕಿತ್ಸೆ 8,880 ರೂಪಾಯಿಗೆ ಇಳಿಯಿತು. ರೋಗಿಗಳಿಗೆ ಒಳಿತಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಕಸ್ವಾಮ್ಯವನ್ನು ಕೊಟ್ಟದ್ದೂ ಸರ್ಕಾರ, ಅದನ್ನು ಸಡಿಲಿಸಿ ರಾಯಲ್ಟಿಯ ದರವನ್ನು ಬರೆದದ್ದೂ ಸರ್ಕಾರ. ಮೊದಲನೆಯದನ್ನು ಕೊಡದಿದ್ದರೆ ಎರಡನೆಯದರ ಅಗತ್ಯವೇ ಬರುತ್ತಿರಲಿಲ್ಲ. ಸುರಕ್ಷತೆಯ ಪರೀಕ್ಷೆಯ ವಿಷಯದಲ್ಲಿ ಉಡುಪಿಯ ಸಹೋದರಿಯ ಮಾತನ್ನು ಒಪ್ಪುತ್ತೇನೆ. ವಿಷವನ್ನು ಔಷಧವೆಂದು ಮಾರುವುದು ವಂಚನೆ, ವಂಚನೆಯನ್ನು ತಡೆಯುವುದು ಯಾವ ಮಾರುಕಟ್ಟೆಗೂ ವಿರುದ್ಧವಲ್ಲ.

ಉತ್ತರ 5: ರಸಾಯನಶಾಸ್ತ್ರಜ್ಞ, ಬೆಂಗಳೂರು

ಮೂರು ಔಷಧಗಳನ್ನು ಒಂದೇ ಮಾತ್ರೆಯಾಗಿಸಿದ ಉದಾಹರಣೆ ಬಲವಾದದ್ದು, ಒಪ್ಪಿದೆ. ಆದರೆ ಪೇಟೆಂಟ್ ಇಲ್ಲದ ಔಷಧದ ಮೇಲೆ ದೊಡ್ಡ ಪ್ರಯೋಗವನ್ನು ಯಾರು ನಡೆಸುತ್ತಾರೆ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡ್, ಉಸಿರಾಟಕ್ಕೆ ಆಮ್ಲಜನಕದ ನೆರವು ಬೇಕಾಗಿದ್ದ ಕೋವಿಡ್ ರೋಗಿಗಳ ಸಾವನ್ನು ತಗ್ಗಿಸುತ್ತದೆಯೆಂದು 2020ರ ಜೂನ್‌ನಲ್ಲಿ ತಿಳಿದದ್ದು ಬ್ರಿಟನ್ನಿನ ಸಾರ್ವಜನಿಕ ಹಣದಿಂದ ನಡೆದ ಪ್ರಯೋಗದಿಂದ. ಲಾಭವಿಲ್ಲದ ಆ ಕೆಲಸಕ್ಕೆ ಕಂಪನಿಗಳು ತಾವಾಗಿ ಮುಂದಾಗುತ್ತಿದ್ದವೆಂದು ನಾನು ನಂಬುವುದಿಲ್ಲ. ವಕೀಲರ ಮಾರುಕಟ್ಟೆಯಲ್ಲಿ ಪೇಟೆಂಟೂ ಇರುವುದಿಲ್ಲ, ಬಹುಶಃ ಅಂತಹ ತೆರಿಗೆಯ ಹಣವೂ ಇರುವುದಿಲ್ಲ. ಅಲ್ಲಿ ಈ ಪ್ರಯೋಗದ ಖರ್ಚನ್ನು ದಾನಿಗಳು ಹೊರಬೇಕೇ, ವಿಮಾ ಕಂಪನಿಗಳು ಹೊರಬೇಕೇ, ಆಸ್ಪತ್ರೆಗಳು ಕೂಡಿ ಹೊರಬೇಕೇ ಎಂಬುದನ್ನು ಅವರು ವಿವರವಾಗಿ ಬರೆದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸಬಹುದು.