ಸಹಾಯ ಬೇಕು: ಓದು ಬಾರದ ತಾಯಂದಿರಿಗಾಗಿ ಚಿತ್ರಪಟಗಳು

ಎಲ್ಲ ಸದಸ್ಯರಿಗೆ ನಮಸ್ಕಾರ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರಿಗೆ ಪ್ರತಿ ಗುರುವಾರ ಸಂಜೆ ಕುಟುಂಬದ ಆರೋಗ್ಯ, ಮದುವೆಯ ವಯಸ್ಸು ಹಾಗೂ ಆಹಾರದ ಬಗ್ಗೆ ತಿಳಿಸಿಕೊಡುತ್ತಿದ್ದೇನೆ. ಗರ್ಭಿಣಿಯರಿಗೆ ಕೊಡುವ 180 ಕಬ್ಬಿಣಾಂಶದ ಮಾತ್ರೆಗಳಲ್ಲಿ ಎಷ್ಟೋ ಮಾತ್ರೆಗಳು ನಮ್ಮಲ್ಲಿ ಹೊಟ್ಟೆ ಸೇರುವುದೇ ಇಲ್ಲ. ಕಳೆದ ವಾರ ಒಬ್ಬ ತಾಯಿ ಸಾಸಿವೆ ಡಬ್ಬಿಯಿಂದ ಮುಟ್ಟದ ಮೂರು ಪಟ್ಟಿಗಳನ್ನು ತೆಗೆದು ತೋರಿಸಿ, "ಸಂಡಾಸ ಕರ್ರಗ ಆಗ್ತದ್ರೀ, ಅಂಜಿಕಿ ಬಂತು" ಎಂದರು. ಅದು ಮಾತ್ರೆಯ ಸಹಜ ಪರಿಣಾಮವೆಂದೂ, ಚಹಾದ ಜೊತೆ ನುಂಗದೆ ನಿಂಬೆರಸದ ನೀರಿನೊಂದಿಗೆ ತೆಗೆದುಕೊಂಡರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆಂದೂ ವಿವರಿಸಿದ ಮೇಲೆಯೇ ಅವರಿಗೆ ಧೈರ್ಯ ಬಂದಿತು.

ಮದುವೆಯ ವಿಷಯ ಇಷ್ಟು ಸುಲಭವಲ್ಲ. ಹುಡುಗಿಗೆ 18, ಹುಡುಗನಿಗೆ 21 ಎಂಬುದೂ, ಬಾಲ್ಯವಿವಾಹ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂಬುದೂ ಎಲ್ಲರಿಗೂ ಗೊತ್ತು. ಆದರೆ ಅತ್ತೆಯಂದಿರು ಎದುರಿಗೆ ಕುಳಿತಿರುವಾಗ ಸೊಸೆಯಂದಿರು ಬಾಯಿ ಬಿಡುವುದಿಲ್ಲ (ಬಿಟ್ಟರೆ ಮನೆಯಲ್ಲಿ ಅನುಭವಿಸಬೇಕಾದವರು ಅವರೇ ಅಲ್ಲವೇ).

ಅಕ್ಷರ ಕಡಿಮೆಯಿರುವ, ದೊಡ್ಡ ಚಿತ್ರಗಳ ಪಟಗಳು ಯಾರಲ್ಲಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ತಟ್ಟೆಯ ಚಿತ್ರದಲ್ಲಿ ಸೇಬು, ದ್ರಾಕ್ಷಿ ಬೇಡ. ಜೋಳದ ರೊಟ್ಟಿ, ಪುಂಡಿ ಪಲ್ಯ, ನುಗ್ಗೆಸೊಪ್ಪು, ಶೇಂಗಾ ಹಿಂಡಿ, ಮೊಟ್ಟೆ ಇರಲಿ. ಅತ್ತೆ-ಸೊಸೆಯರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸಿದ ಅನುಭವವುಳ್ಳ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರು, ಮೊದಲ ಮಾತನ್ನು ಹೇಗೆ ಆರಂಭಿಸಿದಿರೆಂದು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.