ಮೂಲೆ ಸೈಟಿನ ರಾತ್ರಿ ಮೋಲ್ಡು: 9ನೇ ಕ್ರಾಸ್ ನಿವಾಸಿಗಳ ಗುಂಪು

ಮನೆ 27 (ರಾತ್ರಿ 1:48): ಸಾಕಾಯ್ತು! ಮೋಲ್ಡಿನ ಕಾಂಕ್ರೀಟ್ ಕೂರಿಸೋ ವೈಬ್ರೇಟರ್ ಇನ್ನೂ ನಿಂತಿಲ್ಲ, ಕಿಟಕಿ ಗಾಜೆಲ್ಲ ಅದುರ್ತಿದೆ. ಎಲ್ಲರೂ ಎದ್ದು ಬನ್ನಿ, ಈಗಲೇ ನಿಲ್ಲಿಸೋಣ.

ಮನೆ 14 (1:55): 112ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರ್ಕೊಳ್ಳಿ ಮೇಡಂ. ವಿಡಿಯೋ ಮಾಡ್ಕೊಳ್ಳಿ, ಟೈಮ್ ಕಾಣ್ಬೇಕು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡೋ ಕಟ್ಟಡದ ಯಂತ್ರ ಓಡಿಸೋ ಹಾಗಿಲ್ಲ. ಆದ್ರೆ ಮೋಲ್ಡು ಅರ್ಧಕ್ಕೆ ನಿಲ್ಲಿಸೋದು ಬೇಡ, ಹಳೇ ಕಾಂಕ್ರೀಟಿಗೆ ಹೊಸದು ಕೂಡಲ್ಲ, ಆ ಜಾಯಿಂಟ್‌ನಲ್ಲೇ ಸೋರುತ್ತೆ. ಮುಂದಿನ ಮೋಲ್ಡು ಹಗಲಲ್ಲೇ ಆಗ್ಬೇಕು ಅಂತ ಬರೆಸ್ಕೊಳ್ಳೋಣ.

ಮನೆ 31 (6:10): ನಾನು ಅವತ್ತೇ ಬಡ್ಕೊಂಡೆ. ಕೆಳಗೆ ಅಂಗಡಿ, ಮೇಲೆ ಪಿಜಿ! ರಿಯಲ್ ಎಸ್ಟೇಟ್ ಪ್ರಾಧಿಕಾರ ಇದ್ಯಲ್ಲ, ಆ ರೇರಾಗೆ ಹೋಗೋಣ.

ಮನೆ 14 (6:31): ರೇರಾ ಬರಲ್ಲ ಸರ್. 40×60ರ ಎರಡು ಸೈಟು ಸೇರಿದ್ರೂ 4800 ಚದರಡಿ, ಸುಮಾರು 446 ಚದರ ಮೀಟರ್. 500 ದಾಟದಿದ್ರೆ ನೋಂದಣಿ ಕಡ್ಡಾಯ ಅಲ್ಲ. ಮಂಜೂರಾದ ನಕ್ಷೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ: 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಟೈಮ್ ಇರುತ್ತೆ, ಅಷ್ಟರಲ್ಲಿ ಇನ್ನೊಂದು ಫ್ಲೋರ್ ಎದ್ದಿರುತ್ತೆ. ಅದಕ್ಕೇ ಶನಿವಾರವೇ ಅಳತೆ ಆಗ್ಬೇಕು. ಕಾಂಪೌಂಡಿನಿಂದ ಪಿಲ್ಲರಿಗೆ ಟೇಪ್ ಹಿಡಿದ್ರೆ ಸಾಲದು. ಮೇಲಿನ ಸ್ಲ್ಯಾಬು ಹೊರಗೆ ಚಾಚಿರುತ್ತೆ, ಸೆಟ್‌ಬ್ಯಾಕ್, ಅಂದ್ರೆ ಸುತ್ತ ಬಿಡಬೇಕಾದ ಜಾಗ, ಹೋಗೋದೇ ಅಲ್ಲಿ. 22ರವರ ಟೆರೇಸಿಂದ ತೂಕದ ಗುಂಡು ಇಳಿಬಿಟ್ಟು ನೋಡ್ಬೇಕು.

ಮನೆ 31 (6:34): 22ರವರನ್ನ ಏನು ಕೇಳ್ತೀರಿ? ಈ ರಸ್ತೆಗೆ ಮೊದಲು ಅಂಗಡಿ ತಂದಿದ್ದೇ ಅವರ ಪಾರ್ಲರು.

ಮನೆ 22 (6:40): ನಿಮ್ಮ ಮನೆ ಮೂರನೇ ಫ್ಲೋರ್‌ಗೆ ಪ್ಲಾನ್ ಇದ್ಯಾ ಅಂಕಲ್? ಮೊದಲು ಅದನ್ನ ಹಾಕಿ.

ಮನೆ 31 (6:41): ನನ್ನ ಮನೆ ವಿಷಯ ಬೇಡ. ನಾನು ಇಲ್ಲಿ 1994ರಿಂದ ಇದ್ದೀನಿ.

ಮನೆ 22 (6:43): ಹಾಗಾದ್ರೆ ನಮ್ಮ ಟೆರೇಸೂ ಬೇಡ.

ಮನೆ 14 (6:50): ದಯವಿಟ್ಟು ಕೇಳಿ. ಓಸಿ, ಅಂದ್ರೆ ಸ್ವಾಧೀನಾನುಭವ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಳತೆಯ ಫೋಟೋ ಇದ್ರೆ ಕರೆಂಟು, ನೀರಿನ ಎರಡೂ ಕಚೇರಿಗೆ ಪತ್ರ ಕೊಟ್ಟು ಸೀಲ್ ಹಾಕಿಸ್ಕೋಬಹುದು. ಆಂಟಿ, ಹತ್ತು ನಿಮಿಷದ ಕೆಲಸ.

ಮನೆ 5 (7:02): ಶುಭೋದಯ 🌸 ಫಾರ್ವರ್ಡ್: ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಮ್ಮ ಫೀಡರ್‌ನಲ್ಲಿ ಕರೆಂಟ್ ಇರಲ್ಲ.

ಮನೆ 27 (7:05): ಅಯ್ಯೋ, ನಾಳೆ ನೀರು ಬಿಡೋ ದಿನ! ಮೋಟರ್ ಹೇಗೆ ಹಾಕೋದು?

ಮನೆ 22 (7:06): ಇವತ್ತು ರಾತ್ರಿಯೇ ಸಂಪಲ್ಲಿರೋದನ್ನ ಮೇಲಿನ ಟ್ಯಾಂಕಿಗೆ ಹತ್ತಿಸ್ಕೊಳ್ಳಿ, ಸಂಪು ಖಾಲಿ ಇದ್ರೆ ನಾಳೆ ಬರೋ ನೀರೂ ಹಿಡಿಸುತ್ತೆ.

ಮನೆ 31 (7:08): ಸಂಪಲ್ಲೇ ನೀರಿಲ್ಲ. ಟ್ಯಾಂಕರ್‌ಗೆ ಯಾರ್‍ಯಾರು ಸೇರ್ತೀರಿ? ಹೆಸರು ಹಾಕಿ.

ಮನೆ 5 (7:09): ನಾವು.

ಮನೆ 27 (7:09): ನಮ್ಮದೂ ಸೇರಿಸಿ.

ಮನೆ 14 (7:30): ಶನಿವಾರ 9 ಗಂಟೆಗೆ ಟೇಪ್ ತರ್ತೀನಿ. ಯಾರು ಬರ್ತೀರಿ?

ಮನೆ 22 (7:34): ಟ್ಯಾಂಕರ್‌ಗೆ ನಮ್ಮದೂ ಒಂದು.